ಸಮುದ್ರ ಕಾಣುವ ಟೇಬಲ್

"ಸೀ ವ್ಯೂ ಬೇಕಾದ್ರೆ ಮುಕ್ಕಾಲು ಗಂಟೆ ಆಗ್ತದೆ ಸರ್" ಎಂದ ಬಾಗಿಲಲ್ಲಿ ನಿಂತಿದ್ದ ಹುಡುಗ. ಡಿಸೆಂಬರ್ ಕೊನೆಯ ವಾರ, ಮಲ್ಪೆ. ಸೂರ್ಯ ಆರು ಗಂಟೆ ಹತ್ತು ನಿಮಿಷಕ್ಕೆಲ್ಲ ಮುಳುಗಿಯಾಗಿತ್ತು. ಈಗ ಏಳೂವರೆ. ಈ ಕತ್ತಲಲ್ಲಿ ಎಂಥ ವ್ಯೂ ಎಂದು ಕೇಳಿದೆ. ಹುಡುಗ ನಕ್ಕ, ನನ್ನ ಹೆಂಡತಿ ನಗಲಿಲ್ಲ. ಶಿರಾಡಿ ಘಾಟಿಯಲ್ಲಿ ಲಾರಿಗಳ ಹೊಗೆ ಕುಡಿದುಕೊಂಡು ಬೆಂಗಳೂರಿಂದ ಬಂದಿದ್ದು ಎಸಿ ರೂಮಿನಲ್ಲಿ ಗೋಡೆ ನೋಡಿಕೊಂಡು ಊಟ ಮಾಡೋಕಾ ಎಂದಳು. ಕಾದೆವು.

ಸೂರ್ಯಾಸ್ತ ನೋಡಿದವರಿಗೆಲ್ಲ ಒಂದೇ ಕ್ಷಣಕ್ಕೆ ಹಸಿವಾಗುತ್ತದೆ. ಅಷ್ಟೂ ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು, ಒಳಗೆ ನಿಧಾನವಾಗಿ ಕೈ ತೊಳೆಯುತ್ತಿದ್ದವರನ್ನು ಕೆಕ್ಕರಿಸಿ ನೋಡುತ್ತಿದ್ದೆವು. ಕೊನೆಗೂ ಟೇಬಲ್ ಸಿಕ್ಕಿತು. ಎದುರಿಗೆ ದೊಡ್ಡದೊಂದು ಕಪ್ಪು. ಫ್ಲಡ್‌ಲೈಟ್ ಬೆಳಕು ಎರಡು ತೆಂಗಿನಮರ ಮತ್ತು ಒಂದು ಕಸದ ಡಬ್ಬಿಯವರೆಗೆ ಹೋಗಿ ನಿಂತಿತ್ತು. ಅಲೆಯ ಸದ್ದಾದರೂ ಕೇಳೀತೇ ಎಂದರೆ ಸ್ಪೀಕರಿನಲ್ಲಿ ಹಿಂದಿ ಹಾಡು. ಮಕ್ಕಳು ಫೋನ್ ತೆಗೆದವು. ಒಂದು ಲೆಕ್ಕಕ್ಕೆ ಅವರದೇ ಸರಿ.

ಮೆನು ಬಂತು. ಗೋಬಿ ಮಂಚೂರಿಗೆ ಬೆಲೆ ಇದೆ, ನೀರಿನ ಬಾಟಲಿಗೆ ಬೆಲೆ ಇದೆ. ಅಂಜಲ್, ಪಾಂಪ್ಲೆಟ್, ಕಾಣೆ, ಏಡಿಗಳ ಎದುರು ಮಾತ್ರ 'ಎ.ಪಿ.ಎಸ್.' ಸೈಜಿನ ಮೇಲೆ ಬೆಲೆಯಂತೆ. ಕರಾವಳಿಯ ಹೋಟೆಲುಗಳ ಈ ಪದ್ಧತಿ ನನಗೆ ಯಾವತ್ತೂ ಹಿಡಿಸಿಲ್ಲ. ಸೈಜು ಎಷ್ಟು ಎಂದು ಕೇಳಿದರೆ ಒಂದು ತಟ್ಟೆ ತುಂಬ ಹಸಿ ಮೀನು ತಂದು ಮೂಗಿನ ಕೆಳಗೆ ಹಿಡಿಯುತ್ತಾರೆ. ನೆಂಟರೆಲ್ಲ ನೋಡುತ್ತಿರುವಾಗ ಚಿಕ್ಕ ಮೀನಿನ ಕಡೆ ಬೆರಳು ತೋರಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಅವರಿಗೂ ಅದು ಗೊತ್ತು.

ಆದರೆ ಅವತ್ತು ನಮ್ಮ ಜೊತೆ ದೊಡ್ಡತ್ತೆ ಇದ್ದರು. ಇಲ್ಲೇ ಕರಾವಳಿಯ ಗಂಗೊಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಮುಂಬಯಿ ಸೇರಿ, ಮುಲುಂಡ್‌ನಲ್ಲಿ ಸಂಸಾರ ಮಾಡಿದವರು. ತಟ್ಟೆ ನೋಡಿದ ಕೂಡಲೇ ಕನ್ನಡಕ ಹಾಕಿಕೊಂಡರು. ಅಂಜಲಿನ ಕಿವಿರು ಎತ್ತಿ ಮೊಬೈಲ್ ಟಾರ್ಚ್ ಬಿಟ್ಟರು. ಕೆಂಪು ಇರಬೇಕಾದ ಕಡೆ ಕಾಫಿ ಬಣ್ಣ. ಹೆಬ್ಬೆರಳಿನಿಂದ ಬೆನ್ನು ಒತ್ತಿದರು. ಬಿದ್ದ ಗುಳಿ ಮೇಲೇಳಲೇ ಇಲ್ಲ. "ಹ್ವಾಯ್, ಇದ್ ಐಸಂಗೆ ಎಷ್ಟ್ ದಿನ ಆಯ್ತ್?"

ಪಕ್ಕದ ಟೇಬಲಿನವರು ತಿನ್ನುವುದನ್ನು ನಿಲ್ಲಿಸಿದರು. ನನ್ನ ಹೆಂಡತಿ "ಅತ್ತೆ, ಸುಮ್ನಿರಿ" ಎಂದಳು. ಸುಮ್ಮನಿರುವ ಜಾತಿಯಲ್ಲ ಅವರು. ಆಳಸಮುದ್ರದ ಟ್ರಾಲ್ ಬೋಟು ಹತ್ತು ದಿನ ಹೊರಗಿರುತ್ತದೆ, ಮೊದಲ ದಿನ ಹಿಡಿದ ಮೀನೂ ಕೊನೆಯ ದಿನ ಹಿಡಿದ ಮೀನೂ ಒಂದೇ ಐಸಿನಲ್ಲಿ ಬರುತ್ತವೆ, ಬೆಲೆ ಕೇಳುವಾಗ ಎಲ್ಲವೂ ಇವತ್ತಿನದೇ ಎಂದು ಶುರು ಮಾಡಿದರು. ಅಲ್ಲಿಂದ ರಂಪಣಿಗೆ ಹೋದರು. ಅವರ ಅಪ್ಪನಿಗೆ ರಂಪಣಿ ಬಲೆಯಲ್ಲಿ ಪಾಲಿತ್ತಂತೆ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬಂದು, ಎರಡೂ ತುದಿ ಹಿಡಿದು ಊರಿನವರೆಲ್ಲ ದಡದಿಂದ ಎಳೆಯುವುದು. ಬಂಗುಡೆ ಬಂದು ಬಿದ್ದರೆ ಮರಳು ಕಾಣುತ್ತಿರಲಿಲ್ಲವಂತೆ. ಹಗ್ಗಕ್ಕೆ ಕೈ ಹಾಕಿದ ಹುಡುಗಿಯರಿಗೂ ಲಂಗದ ಮಡಿಲು ತುಂಬ ಮೀನು. 1970ರ ದಶಕದ ನಡುವಿಗೆ ದೊಡ್ಡ ಸುತ್ತುಬಲೆಯ ಪರ್ಸೀನ್ ಬೋಟುಗಳು ಬಂದವು, ಮೀನು ದಡಕ್ಕೆ ಬರುವ ಮುಂಚೆಯೇ ಹೊರಗೇ ಬಳಿದುಕೊಂಡವು, ರಂಪಣಿ ಮುಗಿಯಿತು. ಅಪ್ಪ ಪಾಲಿನ ಬಲೆಯನ್ನು ಎಷ್ಟಕ್ಕೆ ಮಾರಿದರು ಎನ್ನುವವರೆಗೂ ಕಥೆ ಬಂತು. ಅಷ್ಟು ಹೊತ್ತೂ ಮೀನು ತಂದಿದ್ದ ಹುಡುಗ, ಬಾಗಿಲಲ್ಲಿದ್ದವನಲ್ಲ, ಬೇರೊಬ್ಬ, ತಟ್ಟೆ ಹಿಡಿದುಕೊಂಡೇ ನಿಂತಿದ್ದ. ಒಂದಕ್ಷರವೂ ತಿಳಿದಿರಲಿಲ್ಲ.

ಅವನದು ಒಡಿಶಾದ ಬಾಲಸೋರ್. ಗೊತ್ತಾದದ್ದೇ ದೊಡ್ಡತ್ತೆ ಮುಂಬಯಿ ಹಿಂದಿಗೆ ಇಳಿದರು. ನಿಮ್ಮ ಕಡೆಯೂ ಸಮುದ್ರ ಅಲ್ವಾ, ನೀನೇ ಹೇಳು, ನಿಮ್ಮಮ್ಮ ಇದನ್ನು ಕೊಳ್ಳುತ್ತಿದ್ದರಾ? ಹುಡುಗ ಕ್ಯಾಶ್ ಕೌಂಟರಿನ ಕಡೆ ಒಮ್ಮೆ ನೋಡಿದ. ಆಮೇಲೆ ಅಂಜಲನ್ನು ಸ್ವಲ್ಪವೇ ಪಕ್ಕಕ್ಕೆ ಸರಿಸಿ, ಅದರ ಕೆಳಗಿದ್ದ ಬಂಗುಡೆಯ ಬಾಲವನ್ನು ಬೆರಳಿನಿಂದ ತಟ್ಟಿದ. ಬಾಯಿ ತೆರೆಯಲಿಲ್ಲ.

ಬಂಗುಡೆ ಪುಳಿಮುಂಚಿ, ಬಂಗುಡೆ ತವಾ ಫ್ರೈ, ನೀರುದೋಸೆ. ಬಂಗುಡೆಗೆ ಮೆನುವಿನಲ್ಲೇ ಬೆಲೆ ಇತ್ತು! ಮಗ ಗೋಬಿ ಮಂಚೂರಿ ತರಿಸಿದ. ಸರ್ಕಾರ 2024ರಲ್ಲಿ ಕೃತಕ ಬಣ್ಣ ನಿಷೇಧಿಸಿದ ಮೇಲೆ ಅದು ಬರೀ ಕಂದು ಕಂದು, ಚೆನ್ನಾಗಿಲ್ಲ ಎಂದು ಮುಖ ಸಿಂಡರಿಸಿದ. ಸಮುದ್ರದ ದಡಕ್ಕೆ ಬಂದು ಹೂಕೋಸು ತಿನ್ನುವವನ ದೂರನ್ನು ಯಾರು ಕೇಳುತ್ತಾರೆ.

ಸಮುದ್ರದ ಹತ್ತಿರ ಕೂತು ತಿಂದರೆ ಮೀನಿಗೆ ರುಚಿ ಜಾಸ್ತಿ ಯಾಕೆ ಎನ್ನುವುದರ ಬಗ್ಗೆ ಏನೋ ಹೇಳಬೇಕೆಂದಿದ್ದೆ. ಉಪ್ಪು ಗಾಳಿ ಎಂದ ಭಾವಮೈದುನ. ಕಾದು ಕಾದು ಹಸಿದದ್ದು ಎಂದಳು ಹೆಂಡತಿ. ತೆಂಗಿನೆಣ್ಣೆ ಎಂದರು ದೊಡ್ಡತ್ತೆ, ಬೇರೆ ಮಾತೇ ಇಲ್ಲ ಎನ್ನುವ ಹಾಗೆ. ನೀರಿನ ಜಗ್ ತಂದ ಹುಡುಗ ಇಲ್ಲ ಎಂದು ತಲೆಯಾಡಿಸಿದ. ಅವರ ಕಡೆ ಮೀನಿಗೆ ಸಾಸಿವೆ ಅರೆದು ಹಾಕುತ್ತಾರೆ, ಸಾಸಿವೆ ಎಣ್ಣೆಯಲ್ಲೇ ಕರಿಯುತ್ತಾರೆ. ಇಲ್ಲಿನದು ಪರವಾಗಿಲ್ಲ, ಆದರೆ ತೆಂಗಿನಕಾಯಿ ಜಾಸ್ತಿಯಾಗಿ ಮೀನು ಎಲ್ಲಿದೆ ಎಂದೇ ತಿಳಿಯುವುದಿಲ್ಲವಂತೆ.

ಮ್ಯಾನೇಜರ್ ಬಂದು, ಹೊರಗೆ ಜನ ಕಾಯ್ತಿದ್ದಾರೆ, ಬಿಲ್ ತರಲಾ ಎಂದರು. ನಾವೆಲ್ಲ ಎದ್ದೆವು. ದೊಡ್ಡತ್ತೆ ಏಳಲಿಲ್ಲ.

"ಸಾಸಿವೆ ಅರೆದ್ರೆ ಕಹಿ ಬರಲ್ವಾ?"

"ಬೆಳ್ಳುಳ್ಳಿ ಸೇರಿಸಿ ಅರೀಬೇಕು ಮಾಸಿ."

"ಎಷ್ಟು ಬೆಳ್ಳುಳ್ಳಿ?" ಎಂದು ಅವರು ಹ್ಯಾಂಡ್‌ಬ್ಯಾಗಿನಲ್ಲಿ ಪೆನ್ನು ಹುಡುಕತೊಡಗಿದರು.