ಒಬ್ಬಳಿಗೆ ಒಂದಿಡೀ ಕುಂಬಳಕಾಯಿ

ಕಳೆದ ತಿಂಗಳು ಪುತ್ತೂರಿನಿಂದ ಹೊರಡುವಾಗ ಅಮ್ಮ ಎರಡು ಬೂದುಗುಂಬಳಕಾಯಿ ಚೀಲಕ್ಕೆ ಹಾಕಿದಳು. "ಒಬ್ಬಳಿಗೆ ಎರಡಾ ಅಮ್ಮಾ?" ಅಂದೆ. "ಅದು ಎಂತ, ಹಾಳಾಗ್ತದಾ?" ಅಂದಳು. ರಾತ್ರಿ ಬಸ್ಸಿನಲ್ಲಿ ಕಾಲ ಬುಡದಲ್ಲಿಟ್ಟುಕೊಂಡು ಬೆಂಗಳೂರಿಗೆ ತಂದೆ. ತೂಗಿದರೆ ಚಿಕ್ಕದೇ 4.5 ಕೆಜಿ!

ಅಮ್ಮ ಹೇಳಿದ್ದು ಸರಿಯೇ. ಬಲಿತ ಕಾಯಿಯ ಮೇಲಿನ ಆ ಬಿಳಿ ಬೂದಿ ಮೇಣದಂಥ ಪದರ. ಒಳಗಿನ ನೀರು ಆರದಂತೆ ನೋಡಿಕೊಳ್ಳುತ್ತದೆ. ಗಾಳಿಯಾಡುವ, ಒಣ ಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಚೂರಿ ತಾಗಿತೋ, ಆಮೇಲೆ ಫ್ರಿಜ್ಜಿನಲ್ಲೂ ನಾಲ್ಕೈದು ದಿನ ಅಷ್ಟೇ.

ಅದಕ್ಕೇ "ಒಬ್ಬಳೇ ಅಲ್ವಾ, ಸುಮ್ನೆ ಕಾಲು ಕೆಜಿ ತುಂಡು ತಗೋ" ಎನ್ನುವ ಮಾತು ನನಗೆ ಹಿಡಿಸುವುದಿಲ್ಲ. ಪ್ಲಾಸ್ಟಿಕ್ ಸುತ್ತಿದ ಆ ತುಂಡನ್ನು ಯಾವತ್ತು ಕತ್ತರಿಸಿದ್ದರೋ. ನಾನು ತಂದಾಗೆಲ್ಲ ತಿರುಳಿನ ಕಡೆ ಲೋಳೆ ಲೋಳೆ. ಸಾಂಬಾರಿಗೆ ಬಿಟ್ಟು ಬೇರೆ ಯಾವುದಕ್ಕೂ ಸಾಲುವುದಿಲ್ಲ. ಆ ಸಾಂಬಾರನ್ನು ಮೂರು ದಿನ ಬಿಸಿ ಮಾಡಿ ಮಾಡಿ ತಿನ್ನಬೇಕು. ಇಡೀ ಕಾಯಿಯಲ್ಲಾದರೆ ಸಿಪ್ಪೆಯದೇ ಒಂದು ಅಡುಗೆ, ತಿರುಳಿನದೇ ಒಂದು, ಹೋಳಿನದೇ ಒಂದು.

ಹೆಂಗಸರು ಇಡೀ ಕುಂಬಳಕಾಯಿಗೆ ಮೊದಲು ಚೂರಿ ಹಾಕಬಾರದು ಅಂತ ಒಂದು ನಂಬಿಕೆ ಇದೆ. ಅಪ್ಪ ಒಂದೇಟು ಹಾಕಿಕೊಟ್ಟ ಮೇಲೆಯೇ ಅಮ್ಮ ಮೆಟ್ಟುಕತ್ತಿ (ಈಳಿಗೆಮಣೆ) ಮುಂದೆ ಕೂರುತ್ತಿದ್ದಳು. ನಾನೇನು ಪ್ರತಿ ಸಲ ವಾಚ್‌ಮ್ಯಾನ್ ಅಣ್ಣನನ್ನು ಕರೆಯಲಾ? ಶನಿವಾರ ಬೆಳಿಗ್ಗೆ ನಾನೇ ಒಡೆದೆ. (ಆಯುಧಪೂಜೆ ಮರುದಿನ ಬೆಂಗಳೂರಿನ ರಸ್ತೆ ತುಂಬ ಒಡೆದು ಬಿದ್ದಿರುವ ಕಾಯಿಗಳನ್ನು ನೋಡಿದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಎಷ್ಟು ಹಲ್ವ ಆಗುತ್ತಿತ್ತು!)

ಮೊದಲು ತಿರುಳು. ಕೊಳೆಯಲು ಶುರುವಾಗುವುದೇ ಅಲ್ಲಿಂದ. ಬಲಿತ ಬೀಜ ಆರಿಸಿ ತೆಗೆದು, ನೆನೆಸಿದ ಬೆಳ್ತಿಗೆ (ಬಿಳಿ) ಅಕ್ಕಿ ಜೊತೆ ನುಣ್ಣಗೆ ರುಬ್ಬಿ, ಉಪ್ಪು ಹಾಕಿ ಆಗಲೇ ದೋಸೆ ಹೊಯ್ದೆ. ಉದ್ದು ಬೇಡ, ಹುಳಿ ಬರುವುದೂ ಬೇಡ, ಹತ್ತಿಯಂಥ ದೋಸೆ. ಸಿಪ್ಪೆಯನ್ನು ಚೆನ್ನಾಗಿ ತೊಳೆದು ಬಾಡಿಸಿ, ಹುರಿದ ಉದ್ದಿನಬೇಳೆ, ಒಣಮೆಣಸು, ಹುಣಸೆ, ತೆಂಗಿನತುರಿ ಸೇರಿಸಿ ರುಬ್ಬಿದರೆ ಅದೇ ದೋಸೆಗೆ ಚಟ್ನಿ. ಭಾನುವಾರ ಒಂದಷ್ಟು ಹೋಳು ಮಜ್ಜಿಗೆಹುಳಿಗೆ ಹೋಯಿತು. ಹೋಳನ್ನು ಫ್ರೀಜರಿಗೆ ಮಾತ್ರ ಹಾಕಬೇಡಿ. ಒಮ್ಮೆ ಹಾಕಿದ್ದೆ, ಹೊರಗೆ ತೆಗೆದಾಗ ನೀರೆಲ್ಲ ಬಿಟ್ಟು ಸ್ಪಂಜಿನ ಹಾಗಾಗಿತ್ತು.

ಕಾಲು ಭಾಗ ಎದುರು ಮನೆ ಆಂಟಿಗೆ ಕೊಟ್ಟೆ. ಮರುದಿನ ಪಾತ್ರೆ ತುಂಬ ಪುಳಿಯೋಗರೆ ವಾಪಸ್ ಬಂತು. ಅದನ್ನು ಮುಗಿಸುವುದೇ ಇನ್ನೊಂದು ಕೆಲಸ ಆಯಿತು.

ಉಳಿದದ್ದೆಲ್ಲ ಕಾಶಿ ಹಲ್ವ. ಒಬ್ಬರೇ ಇರುವವರಿಗೆ ಇದಕ್ಕಿಂತ ಒಳ್ಳೆ ದಾರಿ ನನಗಂತೂ ಗೊತ್ತಿಲ್ಲ. ಕುಂಬಳಕಾಯಿ ಅಂದರೆ ಮುಕ್ಕಾಲುಪಾಲಿಗೂ ಜಾಸ್ತಿ ನೀರೇ. ತುರಿದಾಗ ಪರಾತ ತುಂಬಿದ್ದು ಹಿಂಡಿದಾಗ ಅರ್ಧ, ಬೇಯುತ್ತಾ ಬೇಯುತ್ತಾ ಇನ್ನೂ ಕಮ್ಮಿ. ಹಿಂಡಿದ ತುರಿ ಎರಡು ಬಟ್ಟಲಿಗೆ ಸಕ್ಕರೆ ಒಂದು ಬಟ್ಟಲು, ತುಪ್ಪ ಕೈ ಬಂದಷ್ಟು, ಏಲಕ್ಕಿ, ಗೋಡಂಬಿ. ಹಿಂಡಿದ ನೀರನ್ನು ಚೆಲ್ಲಬೇಡಿ, ಮುಂದಿನ ದೋಸೆಗೆ ಅಕ್ಕಿ ರುಬ್ಬಲು ಆಗುತ್ತದೆ. ಕೊನೆಗೆ ಒಂದು ಸಣ್ಣ ಡಬ್ಬಿ ಹಲ್ವ ಆಯಿತು. ಬುಧವಾರಕ್ಕೆ ಅದೂ ಖಾಲಿ.

ದೊಡ್ಡದು ಮಂಚದ ಕೆಳಗಿದೆ. ಅದಕ್ಕೇನೂ ಅವಸರ ಇಲ್ಲ.