ಸತ್ಯಾಂಶ: ಹಿಮಕುಸಿತಕ್ಕೆ ‘ಕಾಳಿ’ ಕಾರಣವೇ?

ಬೆಂಗಳೂರಿನ ಬಡಾವಣೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಹರಿದಾಡುವ ಸಂದೇಶವೊಂದರ ಪ್ರಕಾರ, ‘ಕಾಳಿ-5000’ ಎಂಬ ಭಾರತದ ರಹಸ್ಯ ಕಿರಣಾಸ್ತ್ರವು 2012ರ ಏಪ್ರಿಲ್‌ನಲ್ಲಿ ಸಿಯಾಚಿನ್ ಬಳಿಯ ಗಯಾರಿಯಲ್ಲಿ ಹಿಮ ಕರಗಿಸಿ ಪಾಕಿಸ್ತಾನದ ಸೇನಾ ಶಿಬಿರವನ್ನು ಹೂತುಹಾಕಿತು. ಹಿಮಕುಸಿತ ನಡೆದದ್ದು ನಿಜ; ಅದಕ್ಕೆ ಕಾಳಿ ಕಾರಣವೆಂಬುದು ಸುಳ್ಳು.

ಕಾಳಿ, ಅಂದರೆ ‘ಕಿಲೋ ಆಂಪಿಯರ್ ಲೀನಿಯರ್ ಇಂಜೆಕ್ಟರ್’, ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಎಲೆಕ್ಟ್ರಾನ್ ವೇಗವರ್ಧಕ. ಸೆಕೆಂಡಿನ ಸುಮಾರು ಕೋಟಿಯಲ್ಲೊಂದು ಭಾಗದಷ್ಟು ಹೊತ್ತು ಅದು ಹೊಮ್ಮಿಸುವ ಎಲೆಕ್ಟ್ರಾನ್ ಪ್ರವಾಹವನ್ನು ಎಕ್ಸ್-ಕಿರಣವಾಗಿಯೋ ಮೈಕ್ರೋವೇವ್ ಆಗಿಯೋ ಪರಿವರ್ತಿಸಿ ಪ್ರಯೋಗಗಳಿಗೆ ಬಳಸುತ್ತಾರೆ. ಆ ಕ್ಷಣದ ಸಾಮರ್ಥ್ಯ ಬೆರಗು ಹುಟ್ಟಿಸುವಂಥದ್ದೇ ಆದರೂ ಒಟ್ಟು ಶಕ್ತಿ ಕೆಲವು ಸಾವಿರ ಜೂಲ್ ಮಾತ್ರ. ಅಷ್ಟನ್ನೂ ಬಳಸಿದರೂ ಒಂದು ಹಿಡಿ ಮಂಜುಗಡ್ಡೆ ಪೂರ್ತಿ ಕರಗದು. ಮೇಲಾಗಿ, ಇಂಥ ಎಲೆಕ್ಟ್ರಾನ್‌ಗಳು ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆಯುತ್ತ ಕೆಲವೇ ಮೀಟರ್‌ಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತವೆ.

ಹಾಗೆಂದು ಶಕ್ತಿಕಿರಣದ ಆಯುಧಗಳೇ ಕಟ್ಟುಕಥೆಯಲ್ಲ. 2025ರ ಏಪ್ರಿಲ್ 13ರಂದು ಡಿಆರ್‌ಡಿಒ ಕರ್ನೂಲಿನಲ್ಲಿ ವಾಹನದ ಮೇಲೆ ಅಳವಡಿಸಿದ ಲೇಸರ್ ಆಯುಧದಿಂದ ಡ್ರೋನ್‌ಗಳನ್ನು ಹೊಡೆದುರುಳಿಸಿತು. ಹೈದರಾಬಾದಿನ ‘ಚೆಸ್’ ಪ್ರಯೋಗಾಲಯ ಅಭಿವೃದ್ಧಿಪಡಿಸಿದ ಈ ವ್ಯವಸ್ಥೆಯಲ್ಲಿ ನಮ್ಮ ಬೆಂಗಳೂರಿನ, ರೇಡಾರ್‌ಗಳಿಗೆ ಹೆಸರಾದ ಎಲ್‌ಆರ್‌ಡಿಇ ಪ್ರಯೋಗಾಲಯದ ಪಾಲೂ ಇದೆ. ಆದರೆ ಲೇಸರ್ ಕಿರಣ ಗುರಿಯ ಮೇಲೆ ನೆಟ್ಟು ನಿಂತು ಸುಡಬೇಕು. ಮಂಜು, ಮೋಡ, ದೂಳು ಅದನ್ನು ಚದುರಿಸುತ್ತವೆ, ಬೆಟ್ಟದ ಆಚೆ ಬದಿಗೆ ಅದು ಬಾಗಿ ಹೋಗಲಾರದು.