ಚೀನೀ ಕೋಣೆಗಿಂತ ಚೀನಾ ದೇಶವೇ ದೊಡ್ಡ ತೊಡಕು

ಯಂತ್ರಕ್ಕೆ ಮನಸ್ಸು ಇರಬಲ್ಲುದೇ ಎಂಬ ಮಾತು ಎಲ್ಲಿ ಬಂದರೂ ಯಾರಾದರೊಬ್ಬರು ತತ್ತ್ವಜ್ಞಾನಿ ಜಾನ್ ಸರ್ಲ್ ಅವರ ‘ಚೀನೀ ಕೋಣೆ’ ಎಂಬ ಊಹಾಪ್ರಯೋಗವನ್ನು ಎತ್ತುತ್ತಾರೆ, ಅಲ್ಲಿಗೆ ವಾದ ಮುಗಿಯಿತೆಂದು ಉಳಿದವರು ಎದ್ದು ಹೋಗುತ್ತಾರೆ. ಈ ಅವಸರ ನನಗೆ ಒಪ್ಪಿಗೆಯಾಗುವುದಿಲ್ಲ. ಮನಸ್ಸಿನ ತತ್ತ್ವಶಾಸ್ತ್ರದಲ್ಲಿ ಫಂಕ್ಷನಲಿಸಂ ಎಂದು ಹೆಸರಾದ, ಕನ್ನಡದಲ್ಲಿ ಕಾರ್ಯವಾದ ಎನ್ನಬಹುದಾದ ನಿಲುವಿಗೆ ಆ ಕೋಣೆ ಒಡ್ಡಿದ್ದಕ್ಕಿಂತ ಗಟ್ಟಿಯಾದ ಆಕ್ಷೇಪವನ್ನು ಅದಕ್ಕೂ ಎರಡು ವರ್ಷ ಮೊದಲೇ, 1978ರಲ್ಲಿ, ಇನ್ನೊಬ್ಬ ತತ್ತ್ವಜ್ಞಾನಿ ನೆಡ್ ಬ್ಲಾಕ್ ಒಂದು ಲೇಖನದಲ್ಲಿ ಎತ್ತಿದ್ದರು ಎಂಬುದು ನನ್ನ ಅಭಿಪ್ರಾಯ.

ಕಾರ್ಯವಾದ ಏನು ಹೇಳುತ್ತದೆ ಎಂಬುದನ್ನು ಚೌಕಾಬಾರದ ಮೂಲಕ ವಿವರಿಸುವುದು ಸುಲಭ. ಮನೆಯಲ್ಲಿ ಕವಡೆ ಇಲ್ಲದಿದ್ದರೆ ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಂಡು ಆಡುತ್ತೇವೆ. ಕಾಯಿಗೆ ಒಬ್ಬರು ಬಳೆಚೂರು ಇಟ್ಟರೆ ಇನ್ನೊಬ್ಬರು ಕಡ್ಡಿ ಮುರಿದು ಇಡುತ್ತಾರೆ. ಆಟವೇನೂ ಕೆಡುವುದಿಲ್ಲ, ಏಕೆಂದರೆ ಕಾಯಿ ಯಾವುದರಿಂದ ಆಗಿದೆ ಎಂಬುದು ಮುಖ್ಯವಲ್ಲ, ಆಟದಲ್ಲಿ ಅದರ ಕೆಲಸವೇನು ಎಂಬುದು ಮುಖ್ಯ. ನೋವು, ನಂಬಿಕೆ, ಆಸೆಗಳೂ ಹೀಗೆಯೇ ಎಂದು 1960ರ ದಶಕದಲ್ಲಿ ತತ್ತ್ವಜ್ಞಾನಿ ಹಿಲರಿ ಪಟ್ನಮ್ ವಾದಿಸಿದರು. ಅವರಿಗಿಂತ ಮುಂಚೆ, 1956ರಲ್ಲಿ ಯು. ಟಿ. ಪ್ಲೇಸ್ ಮತ್ತು 1959ರಲ್ಲಿ ಜೆ. ಜೆ. ಸಿ. ಸ್ಮಾರ್ಟ್, ಸಂವೇದನೆಯೆಂದರೆ ಮೆದುಳಿನ ಒಂದು ಪ್ರಕ್ರಿಯೆಯೇ ಹೊರತು ಬೇರೇನೂ ಅಲ್ಲ ಎಂದಿದ್ದರು. ಹಾಗಿದ್ದರೆ ನಮ್ಮ ಮೆದುಳನ್ನು ಹೋಲದ ಆಕ್ಟೋಪಸ್‌ಗೆ ನೋವಾಗುವುದು ಹೇಗೆ ಎಂಬುದು ಪಟ್ನಮ್ ಅವರ ಆಕ್ಷೇಪವಾಗಿತ್ತು. ಆಕ್ಟೋಪಸ್‌ನ ಸುಮಾರು 50 ಕೋಟಿ ನರಕೋಶಗಳಲ್ಲಿ ಹೆಚ್ಚಿನ ಪಾಲು ಇರುವುದೇ ತೋಳುಗಳಲ್ಲಿ ಎಂಬುದನ್ನು ನೆನೆದರೆ ಈ ಪ್ರಶ್ನೆಯ ಬಿಗಿ ಅರಿವಾಗುತ್ತದೆ.

ಒಮ್ಮೆ ನನ್ನ ಹಲ್ಲು ಹುಳುಕಾಗಿ ಮೂರು ರಾತ್ರಿ ದವಡೆ ಹಿಡಿದುಕೊಂಡು ಕೂತಿದ್ದೆ. ಲವಂಗ ಕಚ್ಚಿದೆ, ಮನೆಯವರ ಮೇಲೆ ರೇಗಿದೆ, ಆದರೆ ಹೋದರೆ ಹಲ್ಲು ಕಿತ್ತುಬಿಡುತ್ತಾರೆಂಬ ಹೆದರಿಕೆಯಿಂದ ಡಾಕ್ಟರ ಬಳಿಗೆ ಮಾತ್ರ ಹೋಗಲಿಲ್ಲ. ಕಾರ್ಯವಾದಿಯ ಪ್ರಕಾರ ನೋವೆಂದರೆ ಇಷ್ಟೂ ಸಂಬಂಧಗಳ ನಡುವೆ ಕೂತಿರುವ ಒಂದು ಸ್ಥಿತಿ: ದೇಹಕ್ಕಾದ ಹಾನಿಯಿಂದ ಹುಟ್ಟಿ, ಅದರಿಂದ ಬಿಡುಗಡೆ ಬೇಕೆಂಬ ಬಯಕೆಯನ್ನು ಹುಟ್ಟಿಸಿ, ಆ ಬಯಕೆ ಹೆದರಿಕೆಯೊಡನೆ ಜಗಳಾಡಿದಾಗ ನನ್ನನ್ನು ಮನೆಯಲ್ಲೇ ಕೂರಿಸುವಂಥದು. ಹೊರಗಿನ ನಡವಳಿಕೆಯನ್ನಷ್ಟೇ ನೋಡುವ ವರ್ತನಾವಾದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಒಳಗಿನ ಸ್ಥಿತಿಗಳು ಪರಸ್ಪರ ಎಳೆದಾಡುವುದನ್ನು ಇದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಂಬಿಕೆ, ಬಯಕೆ, ನೆನಪುಗಳ ಮಟ್ಟಿಗೆ ಈ ವಿವರಣೆಯನ್ನು ನಾನು ಬಹುತೇಕ ಒಪ್ಪುತ್ತೇನೆ.

ಇನ್ನು ಸರ್ಲ್. ಚೀನೀ ಭಾಷೆಯ ಗಂಧವೇ ಇಲ್ಲದ ಒಬ್ಬಾತ ಕೋಣೆಯೊಳಗೆ ಕೂತು, ನಿಯಮಗಳ ಪುಸ್ತಕ ನೋಡಿ ಚೀನೀ ಅಕ್ಷರಗಳಿಗೆ ಚೀನೀ ಅಕ್ಷರಗಳಲ್ಲೇ ಉತ್ತರ ಜೋಡಿಸಿ ಕಳುಹಿಸುತ್ತಾನೆ. ಹೊರಗಿನವರಿಗೆ ಅವನು ಭಾಷೆ ಬಲ್ಲವನಂತೆ ಕಂಡರೂ ಅವನಿಗೆ ಒಂದಕ್ಷರವೂ ತಿಳಿದಿಲ್ಲ. ಆದರೆ ಅವನಿಗೆ ತಿಳಿದಿದೆ ಎಂದು ಯಾವ ಕಾರ್ಯವಾದಿಯೂ ಹೇಳಬೇಕಾಗಿಲ್ಲ. ಅವನು ಇಡೀ ವ್ಯವಸ್ಥೆಯ ಒಂದು ಬಿಡಿಭಾಗ, ತಿಳಿವಳಿಕೆ ಇದ್ದರೆ ಅದು ಇಡೀ ವ್ಯವಸ್ಥೆಯದು. ಪುಸ್ತಕವನ್ನೆಲ್ಲ ಅವನು ಬಾಯಿಪಾಠ ಮಾಡಿಕೊಂಡರೂ ತಿಳಿಯುವುದಿಲ್ಲವಲ್ಲ ಎಂದು ಸರ್ಲ್ ಮರುತ್ತರ ಕೊಟ್ಟರು. ಅದು ಜಾಣ ಉತ್ತರವೇ ಹೌದು, ಆದರೆ ‘ಅನ್ನ’ ಎಂಬ ಪದ ಹಸಿವಿಗೂ ತಟ್ಟೆಗೂ ತಗುಲದ ವ್ಯವಸ್ಥೆಗೆ ಅನ್ನದ ಅರ್ಥ ಗೊತ್ತಿಲ್ಲ ಎಂದರೆ ಕಾರ್ಯವಾದಿ ತಾನೇ ಮೊದಲು ಹೌದೆನ್ನಬಹುದು.

ಬ್ಲಾಕ್ ಅವರ ಊಹೆ ಬೇರೆ ಜಾತಿಯದು. ಚೀನಾದ ಸುಮಾರು ನೂರು ಕೋಟಿ ಜನರ ಕೈಗೆ ಒಂದೊಂದು ರೇಡಿಯೋ ಕೊಟ್ಟು, ಮೆದುಳಿನ ಒಂದೊಂದು ಚಿಕ್ಕ ಕೆಲಸವನ್ನು ಅವರಿಗೆ ವಹಿಸಿ, ಒಂದು ಕೃತಕ ದೇಹವನ್ನು ಒಂದು ಗಂಟೆಯ ಕಾಲ ಅವರಿಂದ ನಡೆಸಿದರೆಂದುಕೊಳ್ಳಿ. ಆ ದೇಹದ ಕಾಲಿಗೆ ಮುಳ್ಳು ಚುಚ್ಚಿದರೆ ರೇಡಿಯೋಗಳು ಗುಂಯ್‌ಗುಡುತ್ತವೆ, ಕಾಲು ಹಿಂದಕ್ಕೆ ಸರಿಯುತ್ತದೆ, ಬಾಯಿ ನರಳುತ್ತದೆ. ನೋವಿನ ಕೆಲಸವೆಲ್ಲ ನಡೆದಿದೆ, ಆದರೆ ಆ ಜನರಲ್ಲಿ ಒಬ್ಬರಿಗೂ ಮುಳ್ಳು ಚುಚ್ಚಿಲ್ಲ. ಹಾಗಾದರೆ ಆ ನೋವು ಯಾರದು? ‘ದೇಶದ್ದು’ ಎಂದು ಹೇಳಲು ನನಗೆ ನಾಲಗೆ ಏಳುವುದಿಲ್ಲ. ಆದರೂ ಪ್ರಾಮಾಣಿಕವಾಗಿ ಒಪ್ಪಬೇಕಾದ ಮಾತೊಂದಿದೆ: ನನ್ನ ನರಕೋಶಗಳನ್ನು ಒಂದೊಂದಾಗಿ ವಿಚಾರಿಸಿದರೆ ಅವುಗಳಲ್ಲಿ ಯಾವುದಕ್ಕೂ ಹಲ್ಲುನೋವಿಲ್ಲ. ಜೀವಕೋಶಗಳ ಗುಂಪಿಗೆ ಸಾಧ್ಯವಾದದ್ದು ಜನರ ಗುಂಪಿಗೆ ಏಕೆ ಆಗಬಾರದು ಎಂದು ಕೇಳಿದರೆ, ‘ವಿಚಿತ್ರವಾಗಿ ಕಾಣುತ್ತದೆ’ ಎಂಬುದು ಉತ್ತರವಾಗುವುದಿಲ್ಲ.

ಆದ್ದರಿಂದ ಬ್ಲಾಕ್ ಅವರ ಲೇಖನದಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಅದೇ ಲೇಖನದ ಇನ್ನೊಂದು ಭಾಗ, ಅದನ್ನು ಉಲ್ಲೇಖಿಸುವವರು ಕಡಿಮೆ. ಕಾರ್ಯವನ್ನು ಹೇಳಬೇಕಾದರೆ ಒಳಬರುವುದೇನು, ಹೊರಹೋಗುವುದೇನು ಎಂದು ಹೇಳಲೇಬೇಕು. ಅದನ್ನು ಮನುಷ್ಯನ ನರ, ಸ್ನಾಯುಗಳ ಭಾಷೆಯಲ್ಲಿ ಹೇಳಿದರೆ ಆಕ್ಟೋಪಸ್ ಹೊರಗುಳಿಯುತ್ತದೆ. ಮನುಷ್ಯನಂತಿದ್ದರೆ ಮಾತ್ರ ಮನಸ್ಸು ಎಂಬ ಯಾವ ದುರಭಿಮಾನವನ್ನು ತೊಡೆಯಲು ಕಾರ್ಯವಾದ ಹುಟ್ಟಿತೋ ಅದೇ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ತೀರಾ ಅಮೂರ್ತವಾಗಿ, ಸಂಖ್ಯೆಗಳ ಓಡಾಟವಾಗಿ ಹೇಳಿದರೆ ಒಬ್ಬ ಸಿರಿವಂತ ಬೊಲಿವಿಯಾದಂಥ ದೇಶದ ಹಣಕಾಸನ್ನು ಕೈಗೆ ತೆಗೆದುಕೊಂಡು, ಜಮಾ ಖರ್ಚುಗಳನ್ನೇ ನೋವಿನ ವಿನ್ಯಾಸಕ್ಕೆ ಹೊಂದಿಸಬಹುದು. ಆಗ ದೇಶದ ಲೆಕ್ಕಪತ್ರಕ್ಕೆ ತಲೆನೋವು ಬಂದಿದೆ ಎನ್ನಬೇಕಾಗುತ್ತದೆ. ಈ ಎರಡರ ನಡುವೆ ಗೆರೆ ಎಲ್ಲಿ ಎಳೆಯಬೇಕೆಂಬುದಕ್ಕೆ ನನಗೆ ಸಮಾಧಾನ ತರುವ ಉತ್ತರವನ್ನು ನಾನಿನ್ನೂ ಓದಿಲ್ಲ.

ಊಹೆಗಳ ಸಹವಾಸವೇ ಬೇಡ ಎನ್ನುವವರಿಗೆ ವೈದ್ಯಕೀಯದಿಂದಲೇ ಒಂದು ಸಂಗತಿ ಇದೆ. 1928ರಲ್ಲಿ ಶಿಲ್ಡರ್ ಮತ್ತು ಸ್ಟೆಂಗೆಲ್ ಎಂಬ ವೈದ್ಯರು ವರ್ಣಿಸಿದ ಸ್ಥಿತಿಯಲ್ಲಿ ಮೆದುಳಿಗೆ ಪೆಟ್ಟಾದ ರೋಗಿಗಳು ಚುಚ್ಚಿದರೆ ನೋವೆಂದು ಗುರುತಿಸುತ್ತಾರೆ, ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ, ಕಳವಳಪಡುವುದಿಲ್ಲ, ಕೆಲವರು ನಗುವುದೂ ಉಂಟು. ನೋವಿನ ಕೆಲಸಗಳಲ್ಲಿ ಬಹುಪಾಲು ನಿಂತುಹೋಗಿದೆ, ಆದರೂ ಅವರು ‘ನೋಯುತ್ತಿದೆ’ ಎನ್ನುತ್ತಾರೆ. ಅವರ ಮಾತನ್ನು ನಂಬಿದರೆ ಕೆಲಸ ಬೇರೆ, ನೋಯುವಿಕೆ ಬೇರೆ. ನಂಬದಿದ್ದರೆ ನೋವಿನ ಬಗ್ಗೆ ನೋವುಂಡವರ ಮಾತಿಗಿಂತ ನಮ್ಮ ಸಿದ್ಧಾಂತವೇ ಹೆಚ್ಚು ಎಂದಂತಾಗುತ್ತದೆ. ನಾನು ರೋಗಿಗಳ ಪಕ್ಷ.

ಕೊನೆಗೆ ಪಟ್ನಮ್ ಅವರೇ ತಮ್ಮ ಮಗುವನ್ನು ಕೈಬಿಟ್ಟರು. 1988ರ ಪುಸ್ತಕವೊಂದರಲ್ಲಿ ಅವರು ಕಾರ್ಯವಾದವನ್ನು ನಿರಾಕರಿಸಿದ್ದಲ್ಲದೆ, ತಕ್ಕಂತೆ ವರ್ಣಿಸಿದರೆ ಒಂದು ಸಾಮಾನ್ಯ ಕಲ್ಲು ಕೂಡ ಯಾವ ಲೆಕ್ಕಯಂತ್ರದ ಸ್ಥಿತಿಗಳನ್ನು ಬೇಕಾದರೂ ಹಾಯುತ್ತದೆ ಎಂದು ತೋರಿಸಲು ಹೊರಟರು. ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ 1996ರಲ್ಲಿ ಇದನ್ನು ತಳ್ಳಿಹಾಕಿದರು: ಸ್ಥಿತಿಗಳ ಸಾಲು ಹೊಂದಿಕೆಯಾದರೆ ಸಾಲದು, ಒಳಬರುವುದು ಬೇರೆಯಾಗಿದ್ದರೆ ಮುಂದಿನ ಸ್ಥಿತಿಯೂ ಬೇರೆಯೇ ಆಗುವಂಥ ನಿಜವಾದ ಕಾರಣ-ಪರಿಣಾಮಗಳ ಕಟ್ಟು ಬೇಕು. ಈ ವಿಷಯದಲ್ಲಿ ನಾನು ಚಾಮರ್ಸ್ ಅವರನ್ನು ಒಪ್ಪುತ್ತೇನೆ. ಆದರೆ ಹಾಗೆ ಒಪ್ಪಿದ ಮೇಲೆ ಚೌಕಾಬಾರದ ಹೋಲಿಕೆ ಮೊದಲಿನಷ್ಟು ಸಲೀಸಾಗಿ ಉಳಿಯುವುದಿಲ್ಲ. ಹುಣಸೆಬೀಜ ಕವಡೆಯ ಜಾಗಕ್ಕೆ ಬಂದದ್ದು ಅದಕ್ಕೆ ಎರಡು ಮಗ್ಗುಲೂ, ಉರುಳಿ ಬೀಳುವಷ್ಟು ತೂಕವೂ ಇದ್ದುದರಿಂದ. ಒದ್ದೆ ಕಾಗದದ ಉಂಡೆಯಿಂದ ಗರ ಬೀಳುವುದಿಲ್ಲ.